ಪಸಲಿ ಓಡುವಾಗ ಒಂದು ನಿಮಿಷ

ಮಲ್ಲಟದ ಬಸ್ ನಿಲ್ದಾಣದಲ್ಲಿ ದಾವಲ್ ಬೀ ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಸೊಸೆ ಮೆಹನಾಜ್. ಅವಳ ಮಡಿಲಲ್ಲಿ ಎರಡು ದುಪ್ಪಟಿ ಸುತ್ತಿದ ನಾಲ್ಕು ತಿಂಗಳ ರಿಹಾನ್. ಮೂರು ದಿನದಿಂದ ಕೂಸಿಗೆ ನೆಗಡಿ, ಕೆಮ್ಮು. ನಿನ್ನೆಯಿಂದ ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿತ್ತು. ಅದನ್ನು ಮೊದಲು ಕಂಡವಳು ದಾವಲ್ ಬೀ. "ಪಸಲಿ ಓಡಾಕತ್ತದ," ಎಂದಿದ್ದಳು. ಅವರ ಮನೆಮಾತಿನಲ್ಲಿ ಪಸಲಿ ಎಂದರೆ ಪಕ್ಕೆಲುಬು. ಪಸಲಿ ಓಡಿದರೆ ಹೊಟ್ಟೆಗೆ ಕಾಸಿದ ಸೂಜಿಯ ಬರೆ ಹಾಕಿಸಬೇಕೆಂದು ಅವಳು ನಂಬಿದ್ದಳು. ಹಾಕುವ ಮುದುಕಿ ದೇವದುರ್ಗದ ಆಚೆಯ ಹಳ್ಳಿಯಲ್ಲಿದ್ದಳು.

"ಅಮ್ಮೀ, ಮುಂಜಾನಿಂದ ಹಾಲು ಹಿಡಿದಿಲ್ಲ. ಅಳೂದೂ ಬಿಟ್ಟಾನ," ಎಂದಳು ಮೆಹನಾಜ್.

"ನಿದ್ದಿ ಹತ್ತೇದ. ಎಬ್ಬಿಸಬ್ಯಾಡ."

ಹೇಳುವುದನ್ನು ಹೇಳಿದಳು. ಆದರೆ ದಾವಲ್ ಬೀಯ ಕಣ್ಣು ಮಾತ್ರ ಕೂಸಿನ ಮುಖ ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಮಾನ್ವಿ ಬಸ್ಸಿನಿಂದ ನರ್ಸ್ ಸ್ವಪ್ನಾ ಇಳಿದಳು. ರಿಹಾನನಿಗೆ ಲಸಿಕೆ ಹಾಕಿದವಳು ಅವಳೇ.

"ಎಲ್ಲಿ ಹೊಂಟ್ರಿ ಯವ್ವಾ?"

"ದೇವದುರ್ಗಕ್ಕ. ಮದುವಿ ಅದ."

"ಮದುವಿಗೆ ಹೊಂಟವರ ಮುಖ ಹಿಂಗಿರೂದಿಲ್ರೀ." ಸ್ವಪ್ನಾ ಕೂಸಿನ ಮುಂದೆ ಕುಳಿತಳು. "ಬಟ್ಟಿ ಬಿಚ್ಚವ್ವಾ ಮೆಹನಾಜ್. ಒಂದು ನಿಮಿಷ ಉಸಿರು ಎಣಸ್ತೀನಿ."

"ಹವಾ ಬಡೀತದ, ಬಿಚ್ಚಬ್ಯಾಡ," ಎಂದಳು ದಾವಲ್ ಬೀ. "ನಿಮಗ ಸೂಜಿ ಚುಚ್ಚೂದು ಬಿಟ್ರ ಏನು ಬರ್ತದ?"

"ಇವತ್ತು ಸೂಜಿ ತಂದಿಲ್ಲ. ಬರೀ ಗಡಿಯಾರ ಅದ."

ದೇವದುರ್ಗದ ಬಸ್ಸು ಬಂದು ನಿಂತಿತು. ದಾವಲ್ ಬೀ ಎದ್ದು ಸೊಸೆಯ ತೋಳು ಹಿಡಿದಳು. ಮೆಹನಾಜ್ ಏಳಲಿಲ್ಲ. ಅತ್ತೆಯನ್ನು ಕೇಳದೆಯೇ ದುಪ್ಪಟಿ ಸರಿಸಿ, ಅಂಗಿ ಎತ್ತಿದಳು.

ಸ್ವಪ್ನಾ ಕೂಸಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಾ ಎಣಿಸತೊಡಗಿದಳು. "ಹತ್ತೋರು ಯಾರ್ರೀ, ಲಗೂ ಬರ್ರಿ," ಎಂದ ಕಂಡಕ್ಟರ್. ಅವಳು ತಲೆ ಎತ್ತಲಿಲ್ಲ. ದಾವಲ್ ಬೀಗೆ ಆ ಒಂದು ನಿಮಿಷ ಮುಗಿಯದಷ್ಟು ಉದ್ದವಾಯಿತು.

"ಅರವತ್ನಾಕು," ಎಂದಳು ಸ್ವಪ್ನಾ. "ಈ ವಯಸ್ಸಿಗೆ ಐವತ್ತು ಮುಟ್ಟಿದ್ರನ ಜಾಸ್ತಿ." ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ರಿಹಾನ್ ಅರೆಗಣ್ಣು ತೆರೆದು ಮತ್ತೆ ಮುಚ್ಚಿದ. "ಇದು ನಿದ್ದಿ ಅಲ್ಲ. ಉಸಿರಾಡಿ ಉಸಿರಾಡಿ ಸೋತಾನ."

"ಪಸಲಿ ಓಡಾಕತ್ತದ ಅಂತ ನಾ ನಿನ್ನಿನ ಹೇಳೀನಿ," ದಾವಲ್ ಬೀಯ ದನಿ ಕುಗ್ಗಿತ್ತು.

"ಖರೇ ಹೇಳೀರಿ. ನಮಗ ಕಾಲೇಜಿನಾಗ ಕಲಿಸಿದ್ದೂ ಅದನ್ನ. ಇದು ನ್ಯುಮೋನಿಯಾ ಇದ್ದಂಗ ಕಾಣ್ತದ ಯವ್ವಾ. ಪುಪ್ಪುಸದಾಗ ಸೋಂಕಾಗಿ ಉಸಿರು ಸಾಲವಲ್ದು. ಅದಕ್ಕ ಪಕ್ಕಿ ಒಳಗ ಎಳೀತಾವ. ಪಸಲಿ ಓಡಿದ್ರ ಬರೆ ಹಾಕಸಾಕ ಹೋಗ್ತಾರಂತ ನನಗ ಗೊತ್ತದ. ಹೊಟ್ಟಿ ಮ್ಯಾಲ ಸುಟ್ರ ಆ ಸೋಂಕು ಹ್ಯಾಂಗ ಹೋಗ್ತದ?"

"ಇವನಪ್ಪಗೂ ಹಾಕಿಸಿದ್ದೆ. ಉಳದಾನ."

"ಉಳದವರು ಕಣ್ಣಿಗೆ ಕಾಣ್ತಾರ್ರೀ."

ಆ ಮಗನಿಗಿಂತ ಮೊದಲು ದಾವಲ್ ಬೀಗೆ ಒಂದು ಹೆಣ್ಣು ಕೂಸಿತ್ತು. ಅದಕ್ಕೂ ಹಾಕಿಸಿದ್ದಳು. ಆ ಕೂಸಿನ ಹೆಸರು ಮನೆಯಲ್ಲಿ ಈಗ ಯಾರೂ ಎತ್ತುತ್ತಿರಲಿಲ್ಲ.

ಅವಳು ಬಸ್ಸಿನ ಕಡೆ ತಿರುಗಿದಳು. "ಹೋಗ್ರಿ. ನಾವು ಬರಂಗಿಲ್ಲ."

ಸ್ವಪ್ನಾ ೧೦೮ಕ್ಕೆ ಕರೆ ಮಾಡಿದಳು. ಆಂಬುಲೆನ್ಸಿನಲ್ಲೇ ಆಕ್ಸಿಜನ್ ಕೊಟ್ಟರು. ಮಾನ್ವಿಯಲ್ಲಿ ಮೊದಲ ಇಂಜೆಕ್ಷನ್ ಹಾಕಿ ರಾಯಚೂರಿಗೆ ಕಳಿಸಿದರು. ಎರಡು ದಿನ ವೈದ್ಯರು ಏನನ್ನೂ ಖಚಿತವಾಗಿ ಹೇಳಲಿಲ್ಲ. ಮೂರನೆಯ ದಿನ ರಿಹಾನ್ ಹಾಲಿಗಾಗಿ ಗಟ್ಟಿಯಾಗಿ ಅತ್ತ. ಮೆಹನಾಜಳೂ ಅತ್ತಳು. ದಾವಲ್ ಬೀ ವಾರ್ಡಿನ ನರ್ಸನ್ನು ಕರೆದು ಕೇಳಿದಳು: "ನನಗೂ ಎಣಸೂದು ತೋರಸು ಬೇ. ಐವತ್ತರ ತನಕ ಬರ್ತದ ನನಗ."

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ನೀವೂ ಎಣಿಸಿ. ಕೂಸಿಗೆ ಕೆಮ್ಮು ಬಂದರೆ, ಅದು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು, ವರ್ಷದೊಳಗೆ ಐವತ್ತು, ಐದು ವರ್ಷದೊಳಗೆ ನಲವತ್ತು; ಉಸಿರು ಅಷ್ಟು ಮುಟ್ಟಿದರೆ ಆಸ್ಪತ್ರೆಗೆ ಹೋಗಿ. ಪಕ್ಕೆ ಒಳಗೆ ಎಳೆದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ; ಕೂಡಲೇ ೧೦೮ಕ್ಕೆ ಕರೆ ಮಾಡಿ. ಬರೆ ಹಾಕಿಸಬೇಡಿ. ಕೂಸಿನ ಕಷ್ಟ ಮೊದಲು ಕಾಣುವುದು ನಿಮ್ಮ ಕಣ್ಣಿಗೇ. ಕಂಡದ್ದನ್ನು ಅಂದೇ ನರ್ಸಿಗೆ ಹೇಳಿ.