ಕಿವಿಯಲ್ಲಿ ಕೂತ ಮೇಡಂ

ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರ ಕಿವಿಯಲ್ಲಿ ಈಗ ಮೇಡಂ ಕೂತಿದ್ದರು. ಹುರುಳಿಕಾಳಿಗಿಂತ ತುಸು ದೊಡ್ಡ ಇಯರ್‌ಫೋನು. ಮಕ್ಕಳ ಮನಸ್ಸಿಗೆ ಚಿಕಿತ್ಸೆ ಮಾಡುವ ಆ ಮೇಡಂ, ಮೇಷ್ಟ್ರ ಮಗಳೊಂದಿಗೆ, ತಮ್ಮ ಚಿಕಿತ್ಸಾಲಯದ ಆಟದ ಕೋಣೆಯ ಗೋಡೆಗನ್ನಡಿಯ ಆಚೆ ಇದ್ದರು. ಅವರಿಗೆ ಈಚಿನದೆಲ್ಲ ಕಾಣುತ್ತದೆ. ಮೇಷ್ಟ್ರಿಗೆ ಕಾಣುವುದು ತಮ್ಮದೇ ಪೆಚ್ಚುಮೋರೆ.

ಚಾಪೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಗುಬ್ಬಿ, ತಾತನಿಗೆ ಬೆನ್ನು ಹಾಕಿ ಆಟದ ಕಾರುಗಳ ಜೊತೆ ಆಡುತ್ತಿದ್ದಳು. ಮೂರು ತಿಂಗಳ ಹಿಂದೆ ಮೇಷ್ಟ್ರು ಓಡಿಸುತ್ತಿದ್ದ ಕಾರು ಲಾರಿಗೆ ಗುದ್ದಿತ್ತು. ಹಿಂದೆ ಕೂತಿದ್ದ ಗುಬ್ಬಿಗೆ ಮೊಣಕೈ ತರಚಿತ್ತು, ಅಷ್ಟೇ. ಅಂದಿನಿಂದ ಹಾರ್ನ್ ಕೇಳಿದರೆ ಮಂಚದಡಿ ಸೇರುತ್ತಾಳೆ. ತಾತ ಕೈಚಾಚಿದರೆ ಅಮ್ಮನ ಬೆನ್ನಹಿಂದೆ. ಮಗು ಮತ್ತೆ ತನ್ನ ಕೈಗೆ ಬರಲಿ ಎಂಬುದೊಂದೇ ಮೇಷ್ಟ್ರ ಪ್ರಾರ್ಥನೆ.

"ಐದು ನಿಮಿಷ ಪ್ರಶ್ನೆ ಕೇಳಂಗಿಲ್ಲ, ಅಪ್ಪಣೆ ಕೊಡಂಗಿಲ್ಲ, ಪಾಠ ಮಾಡಂಗಿಲ್ಲ. ಅವಳು ಹೇಳಿದ ಹಾಗೆ ಆಡಿ," ಎಂದಿದ್ದರು ಮೇಡಂ.

"ಇದ್ಯಾವ ಬಣ್ಣದ ಕಾರು, ಪುಟ್ಟಾ?"

"ಮೇಷ್ಟ್ರೇ, ಅದು ಪ್ರಶ್ನೆ," ಎಂದಿತು ಕಿವಿ.

"ಎಡಕ್ಕೆ ತಿರುಗ್ಸು, ಬಂಗಾರಿ."

"ಅದು ಅಪ್ಪಣೆ."

"ತಿರುಗೋ ಮುಂಚೆ ಕೈ ತೋರಿಸ್ಬೇಕು..."

"ಪಾಠಾನೂ ಆಯ್ತು! ಬ್ರೇಕ್ ಹಾಕಿ, ಮೇಷ್ಟ್ರೇ."

ಮೇಡಂ ಪಕ್ಕದಿಂದ ಮಗಳ ದನಿಯೂ ಕಿವಿಗೆ ತೂರಿಬಂತು: "ನಮ್ಮಪ್ಪಂಗೆ ಲೈಸೆನ್ಸ್ ಸಿಗಲ್ಲ ಬಿಡಿ, ಮೇಡಂ."

ಅಷ್ಟರಲ್ಲಿ ಗುಬ್ಬಿ ಕೆಂಪು ಕಾರನ್ನು ಮರದ ಲಾರಿಗೆ ಗುದ್ದಿಸಿದಳು. ಢಂ. ಮತ್ತೆ ಢಂ. "ಏನೂ ಆಗಿಲ್ಲ ಪುಟ್ಟಾ" ಎಂಬುದು ಮೇಷ್ಟ್ರ ನಾಲಿಗೆಯ ತುದಿಗೆ ಬಂತು; ಮೂರು ತಿಂಗಳಿಂದ ದಿನಕ್ಕೆ ಹತ್ತು ಸಲ ಹೇಳಿ ಸವೆದ ಮಾತು.

"ಕಂಡಿದ್ದಷ್ಟೇ ಹೇಳಿ." ಕಿವಿಯ ದನಿ ಮೆತ್ತಗಾಗಿತ್ತು.

"ಕಾರು ಲಾರಿಗೆ ಗುದ್ದಿತು," ಎಂದರು ಮೇಷ್ಟ್ರು. ಆಮೇಲೆ, "ತುಂಬಾ ಜೋರಾಗಿ ಗುದ್ದಿತು."

ಗುಬ್ಬಿ ತಿರುಗಿ ನೋಡಿದಳು. ಒಂದು ಗೊಂಬೆಯನ್ನು ಅವರತ್ತ ತಳ್ಳಿದಳು. "ಇದು ತಾತ. ಇದಕ್ಕೆ ಭಯ ಆಗಿದೆ. ನೀನು ಇದರ ಥರ ಅಳು."

ಮೇಷ್ಟ್ರು ಕನ್ನಡಿ ನೋಡಿದರು. ಬೇಕಾದಾಗ ಕಿವಿ ಮೌನ. "ಊಂ... ಊಂ..." ಎಂದು ಶುರುಮಾಡಿದರು. ಮೊದಲು ಆಟವೇ, ನಡುವೆಲ್ಲೋ ಆಟ ಕೈಬಿಟ್ಟಿತು. "ತಾತಂಗೂ ತುಂಬ ಭಯ ಆಗಿತ್ತು, ಗುಬ್ಬೀ," ಎಂದರು. ಯಾರಿಗೂ ಹೇಳಿರದ ಮಾತು.

ಗುಬ್ಬಿ ಎದ್ದುಬಂದು ಎರಡೂ ಅಂಗೈಯಿಂದ ಅವರ ಕೆನ್ನೆ ಒರೆಸಿದಳು. "ಇಷ್ಟೊಂದು ಬೇಡ ತಾತಾ, ಸ್ವಲ್ಪ ಸಾಕು," ಎಂದು ಗದರಿದಳು. "ಈಗ ನನ್ನ ಸರದಿ. ನಾನು ಅಳ್ತೀನಿ, ನೀನು ಒರೆಸು."

ಅವರ ತೊಡೆಯೇರಿ, ಸರಿಯಾಗಿ ಕೂತು, ಬಾಯಿ ಅಗಲಿಸಿದಳು.