ಹಾರುವ ಬಾತಿನ ಲೇಬಲ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ ಕೋವಿಗೆ ಹಾಕುವ ಇಂಗ್ಲೆಂಡಿನ ತೋಟೆ ಬರುವುದು ಕಡಿಮೆಯಾಯಿತು. ವಿರಾಜಪೇಟೆಯ ಒಬ್ಬ ಅಂಗಡಿಯವನು, ಹಾರಿಸಿ ಬಿಸಾಡಿದ ಖಾಲಿ ತೋಟೆಗಳಿಗೇ ಮದ್ದು ತುಂಬಿಸಿ ಮಾರತೊಡಗಿದ. ಪೆಟ್ಟಿಗೆಗೆ ಅಂಟಿಸುವ ಲೇಬಲ್ ಅಚ್ಚು ಮಾಡಿಕೊಟ್ಟವನು ನಾನು. ಕೆಂಪು ಅಂಚು, ನಡುವೆ ಹಾರುವ ಬಾತು, ಕೆಳಗೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು. ಅಸಲಿನಲ್ಲಿ ಬಾತಿನ ಕಣ್ಣು ಖಾಲಿ. ನಾನು ಒಂದು ಚುಕ್ಕೆ ಇಟ್ಟು, ಅಸಲಿಗಿಂತ ಚೆನ್ನಾಗಿದೆಯೆಂದು ಬೀಗಿದೆ, ನಾಚಿಕೆಗೆಟ್ಟವನು.

ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಬೆನ್ನುಬೆನ್ನಿಗೆ ಎರಡು. ಕೇಳಿದವರಿಗೆ ಬೇರೆ ಕರೆ ಬೇಕಿಲ್ಲ. ಗುಡ್ಡದಾಚೆ ಅಪ್ಪನ ಅಕ್ಕ ಹೊನ್ನಮ್ಮತ್ತೆ ಇದ್ದರು. ತಮ್ಮನ ಮುಖ ನೋಡಲು ಅವರು ಬರಲೇಬೇಕಿತ್ತು. ಅಣ್ಣ ಪೊನ್ನಪ್ಪ ಕೋವಿ ಹಿಡಿದು ಅಂಗಳಕ್ಕಿಳಿದ. ಅವನ ಇನ್ನೊಂದು ಕೈಯಲ್ಲಿದ್ದದ್ದು ಅಪ್ಪನೇ ಕೊಂಡು ತಂದಿದ್ದ ತೋಟೆಯ ಪೆಟ್ಟಿಗೆ. ಅದರ ಬಾತಿನ ಕಣ್ಣಲ್ಲಿ ಚುಕ್ಕೆ ಇತ್ತು. ಬೇಡ ಎನ್ನಬಹುದಿತ್ತು. ಅಷ್ಟು ಜನರೆದುರು ಕಾರಣ ಹೇಳಬೇಕಾಗುತ್ತದೆಂದು ಬಾಯಿ ಮುಚ್ಚಿಕೊಂಡೆ.

ಮೊದಲನೆಯದು ಹಾರಿತು. ಎರಡನೆಯದು ಟಿಕ್ ಎಂದು ಸುಮ್ಮನಾಯಿತು. ಅಣ್ಣ ತೋಟೆ ಬದಲಿಸಿ ಬದಲಿಸಿ, ಬೈದು, ಕೊನೆಗೊಂದು ಹಾರಿಸುವಷ್ಟರಲ್ಲಿ ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತಾಗಿತ್ತು.

"ಅಂತೂ ಎರಡಾತಲ್ಲ" ಎಂದ.

ಅತ್ತೆಗಾಗಿ ಮಧ್ಯಾಹ್ನದವರೆಗೂ ಕಾದೆವು. ಅಮ್ಮ ದಾರಿ ನೋಡಿ ನೋಡಿ ಸೋತರು. ಇನ್ನು ಇಡಬಾರದೆಂದು ಹಿರಿಯರು ಹೇಳಿದ ಮೇಲೆ ಮಣ್ಣು ಮಾಡಿದೆವು.

ಸಂಜೆ ಅತ್ತೆ ನಗುತ್ತಾ ಬಂದರು. ಒಂದು ಕೈಯಲ್ಲಿ ತುಪ್ಪ, ಇನ್ನೊಂದರಲ್ಲಿ ಹೊಸದಾಗಿ ಹೊಲಿದ ಎರಡು ಕುಲಾವಿ. ನನ್ನ ಹೆಂಡತಿ ದಮಯಂತಿ ಆಗ ತುಂಬು ಬಸುರಿ.

"ಒಂದು ಗುಂಡು ಕೇಳ್ತ್. ಸುಮಾರು ಹೊತ್ತಾದ್ಮೇಲೆ ಇನ್ನೊಂದು. ಅವಳಿ ಗಂಡು ಅಂತ ಹೊಲಿತಾ ಕೂತೆ, ತಡ ಆತ್..."

ಜಗಲಿಯಲ್ಲಿ ಅಮ್ಮನ ಮುಖ ಕಂಡು ಅವರ ಮಾತು ಅಲ್ಲೇ ನಿಂತಿತು. ಆಮೇಲೆ ಅವರು ಕುಲಾವಿಗಳನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಅತ್ತರು.

ಅಳು ನಿಂತಾಗ, ಎರಡನೆಯ ಗುಂಡು ಯಾಕೆ ತಡವಾಯಿತೆಂದು ಅಣ್ಣನಿಂದ ಕೇಳಿ ತಿಳಿದು, ಅತ್ತೆ ಆ ಪೆಟ್ಟಿಗೆ ತರಿಸಿ ನನ್ನ ಕೈಗಿಟ್ಟರು.

"ನೀನು ಅಚ್ಚುಕೂಟದಲ್ಲಿ ಇರವ. ಓದಿ ಹೇಳು ಮಗ. ನನ್ನ ತಮ್ಮಂಗೆ ಯಾರಾದ್ರೂ ಮೋಸ ಮಾಡಿದ್ದಾ?"

ಲೇಬಲನ್ನು ದೀಪದ ಹತ್ತಿರ ಹಿಡಿದು ಓದಿದಂತೆ ಮಾಡಿದೆ.

"ಇಲ್ಲೆ ಅತ್ತೆ. ಅಸಲು ಕಂಪನಿದೇ."

ಅತ್ತೆ ನಂಬಿದರು. ಕುಲಾವಿ ಹೊಲಿಯುತ್ತಾ ಕೂತ ತಮ್ಮದೇ ತಪ್ಪೆಂದು ಸಾಯುವವರೆಗೂ ಹೇಳುತ್ತಿದ್ದರು.