ಹೇಮಾಕ್ಷಿ ಅಜ್ಜಿಗೆ ಒಂದು ಹನಿ

ಇದು ಏಳು ಕಡಲಾಚೆಯ ಊರಿನದಲ್ಲ, ಜೆಪ್ಪುವಿನ ಕತೆ. ಯಾವ ಅರಸನ ಕಾಲದ್ದೂ ಅಲ್ಲ, ಮೊನ್ನೆ ಮೊನ್ನೆಯದು. ಆದರೂ ಕತೆಯನ್ನು ಕತೆಯ ಹಾಗೆಯೇ ಶುರು ಮಾಡಬೇಕಲ್ಲ? ಒಂದು ಊರಿನಲ್ಲಿ ಹೂ ಮುಡಿಯದ ಒಬ್ಬ ಅಜ್ಜಿಯಿದ್ದರು. ಅವರಿಗೊಬ್ಬ ಮೊಮ್ಮಗಳಿದ್ದಳು. ಆ ಮೊಮ್ಮಗಳು ಅಜ್ಜಿಗೊಂದು ಮಾತು ಕೊಟ್ಟಳು.

ಅಜ್ಜಿಯ ಹೆಸರು ಹೇಮಾಕ್ಷಿ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡ ಬೂಬ ತೀರಿಕೊಂಡು ಮೂವತ್ತೊಂದು ವರ್ಷ. ಅಂದಿನಿಂದ ಅವರ ತುರುಬು ಹೂ ಕಂಡಿರಲಿಲ್ಲ. ಮೊಮ್ಮಗಳು ತೃಷಾ, ಕತೆಯಿಲ್ಲದೆ ತುತ್ತು ನುಂಗದೆ ಅಜ್ಜಿಯ ಮಗ್ಗುಲಲ್ಲೇ ಬೆಳೆದವಳು. ಇಪ್ಪತ್ತನಾಲ್ಕಾದರೂ ಬಸ್ಸಿನ ಕಿಟಕಿ ಪಕ್ಕ ಕೂತರೆ ಇಳಿಯುವ ಸ್ಟಾಪ್ ಮರೆಯುವವಳು.

ತೃಷಾಳ ಅಕ್ಕ ಅನುಷ್ಕಾಳ ಮದುವೆ ನಿಶ್ಚಯವಾದ ಸಂಜೆ ಅಜ್ಜಿ ಹೇಳಿದರು, "ನಾನು ಧಾರೆ ಎಲ್ಲ ಮುಗಿದ ಮೇಲೆ ಊಟದ ಹೊತ್ತಿಗೆ ಬರ್ತೇನೆ, ಆಯ್ತಾ?"

ಯಾಕೆಂದು ತೃಷಾಳಿಗೆ ಗೊತ್ತಿತ್ತು. ಹಿಂದೊಮ್ಮೆ ಒಂದು ಮದುವೆಯಲ್ಲಿ ಹಾಲ್‌ನ ಬಾಗಿಲಲ್ಲಿ ಮಲ್ಲಿಗೆಯ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಒಂದು ತುಂಡು ಹೂ ಎತ್ತಿ ಅಜ್ಜಿಯತ್ತ ಚಾಚಿದ್ದಳು. ಬರಿದಾದ ಹಣೆ ಕಂಡದ್ದೇ ಕೈ ಹಿಂದಕ್ಕೆ ಹೋಯಿತು. ಹೂ ಹಿಂದೆ ನಿಂತಿದ್ದವರ ಪಾಲಾಯಿತು. ಅಜ್ಜಿ ನಕ್ಕು ಮುಂದೆ ನಡೆದರು. ಆಮೇಲೆ ಯಾವ ಧಾರೆಗೂ ಹೋಗಲಿಲ್ಲ.

"ಈಗ ಯಾರು ನೋಡ್ತಾರೆ ಅಜ್ಜಿ? ಮುಡಿಯಿರಿ ನೀವು."

"ಬೇಡ ಅಂದವರೆಲ್ಲ ಸತ್ತು ಆಯ್ತು ಮಗಾ. ಆದ್ರೂ ಕೈ ತಲೆವರೆಗೆ ಏಳುವುದಿಲ್ಲ." ಅಜ್ಜಿ ಮತ್ತೆ ಅಂದರು, "ಹೂ ಬೇಡ. ಆ ತಂಪು ಪರಿಮಳ ಉಂಟಲ್ಲ, ನೀರು ನೀರು, ಕುತ್ತಿಗೆಗೆ ಇಳಿಯುವಂಥದ್ದು. ಅದೊಂದು ಸಿಕ್ಕಿದ್ರೆ ಸಾಕಿತ್ತು."

"ನಾನು ತರ್ತೇನೆ. ಅಕ್ಕನ ಧಾರೆಯ ದಿನ ನಿಮ್ಮ ಮೈಯಲ್ಲಿ ಆ ಪರಿಮಳ ಇರ್ತದೆ. ಆಗ ಬರ್ಬೇಕು ನೀವು."

"ತಾ ನೋಡುವ," ಅಂದರು ಅಜ್ಜಿ.

ಕತೆಯ ರಾಜಕುಮಾರನಿಗಾದರೆ ಕುದುರೆ ಇತ್ತು. ತೃಷಾಳಿಗೆ ಇದ್ದದ್ದು ಮೊಬೈಲು. ಮನೆಯಲ್ಲೇ ಕೂತು ಸ್ವಂತ ಕೈಯಲ್ಲಿ ಸೆಂಟು ಮಾಡುವವರನ್ನು ಹುಡುಕಿ, ನೀರಿನಂಥ ಹೂವಿನ ಪರಿಮಳ ಅಂತ ಯಾರು ಬರೆದಿದ್ದರೂ ಅವರಿಂದ ಕಿರುಬೆರಳಿನಷ್ಟು ಸ್ಯಾಂಪಲ್ ಬಾಟಲಿ ತರಿಸಿದಳು. ಪುದುಚೇರಿಯಿಂದ ತಾವರೆ, ಗೋವಾದಿಂದ ನೈದಿಲೆ, ಪುಣೆಯಿಂದ ಮಳೆಯಲ್ಲಿ ನೆನೆದ ಮಲ್ಲಿಗೆ. ಒಂದು ದಿನಕ್ಕೆ ಒಂದೇ. ಬೆಳಿಗ್ಗೆ ತನ್ನ ಮಣಿಕಟ್ಟಿಗೆ ಹಚ್ಚಿ, ಸಂಜೆಯವರೆಗೆ ಅದು ಬದಲಾಗುವುದನ್ನು ಕಾದು, ಒಪ್ಪಿಗೆಯಾದರೆ ಮಾತ್ರ ಅಜ್ಜಿಯ ಮೂಗಿಗೆ.

ತಾವರೆಯನ್ನು ಮೂಸಿ ಅಜ್ಜಿ, "ಸೌತೆಕಾಯಿ ಮಾರಾಯ್ತಿ ಇದು. ಪಚ್ಚಡಿ ಮಾಡ್ಲಿಕ್ಕೆ ಆದೀತು," ಅಂದರು.

ಪುಣೆಯದ್ದಕ್ಕೆ, "ಆಸ್ಪತ್ರೆಯ ನೆಲ ಒರೆಸಿದ ಹಾಗೆ ಉಂಟು."

ನೈದಿಲೆಯನ್ನು ಮಾತ್ರ ತುಂಬ ಹೊತ್ತು ಮೂಸಿದರು. "ಚಂದ ಉಂಟು. ಆದ್ರೆ ಬೇರೆ ಯಾರದ್ದೋ."

ಮದುವೆಗೆ ಹದಿನೈದು ದಿನ ಉಳಿದಿತ್ತು. ಮಣ್ಣಗುಡ್ಡದಲ್ಲಿ ಸುಹೈಲಾ ಎಂಬವರು ಮನೆಯ ಮಹಡಿಯ ಕೋಣೆಯಲ್ಲಿ ಸೆಂಟು ಮಾಡುತ್ತಾರೆಂದು ತಿಳಿದು ತೃಷಾ ಅಲ್ಲಿಗೆ ಹೋದಳು.

"ಅಜ್ಜಿಗೆ ಬೇಕಾದ ಹೂವನ್ನೇ ತಾ," ಅಂದರು ಸುಹೈಲಾ.

ತೃಷಾ ಒಂದು ಚೆಂಡು ಮಲ್ಲಿಗೆ ಕೊಂಡು ಮನೆಗೆ ತಂದಳು. ಸುತ್ತಿದ್ದ ಬಾಳೆಲೆ ಬಿಚ್ಚಿದಳು, ಕಟ್ಟಿದ್ದ ಬಾಳೆನಾರು ಕತ್ತರಿಸಿದಳು, ಹೂವನ್ನು ಬಟ್ಟೆಯಲ್ಲಿ ಒತ್ತಿ ನೀರು ಆರಿಸಿದಳು. ಶುದ್ಧವಾದ ಬಿಳಿ ಹೂಗಳನ್ನಷ್ಟೇ ಡಬ್ಬಿಯಲ್ಲಿಟ್ಟು ಸುಹೈಲಾಗೆ ಒಪ್ಪಿಸಿದಳು. ನಾಲ್ಕು ದಿನಕ್ಕೆ ಬಂದ ಸೆಂಟು ಅಪ್ಪಟ ಮಲ್ಲಿಗೆ.

ಅಜ್ಜಿ ಮೂಸಿದರು. "ಮಲ್ಲಿಗೆಯೇ," ಅಂದರು. ಅಷ್ಟೇ. ಬಾಟಲಿಯ ಮುಚ್ಚಳ ತಿರುಗಿಸಿ ವಾಪಸು ಕೊಟ್ಟರು. "ಸಾಕು ಮಗಾ. ಊಟಕ್ಕೆ ಬರ್ತೇನಲ್ಲ ನಾನು."

ತೃಷಾ ಬಿಡಲಿಲ್ಲ. ಮರುದಿನ ಇನ್ನೊಂದು ಚೆಂಡು ತಂದು, ಮತ್ತೆ ಅದೇ ರೀತಿ ಬಿಡಿಸಿ, ಹೂಗಳನ್ನು ಕೋಣೆಗೆ ಒಯ್ದಳು. ಡಬ್ಬಿ ತೆಗೆದುಕೊಳ್ಳಲು ಅಡುಗೆಮನೆಗೆ ಬಂದರೆ ಅಲ್ಲಿ ಅಜ್ಜಿ ನಿಂತಿದ್ದರು. ಬಿಸಾಡಲೆಂದು ಇಟ್ಟಿದ್ದ ಒದ್ದೆ ಬಾಳೆಲೆ ಅವರ ಎರಡೂ ಕೈಯಲ್ಲಿತ್ತು. ಅದರೊಳಗೆ ನಾರಿನ ತುಂಡು, ನಾಲ್ಕು ಹನಿ ನೀರು, ಹರಿದ ಒಂದೆರಡು ಎಸಳು. ಅಜ್ಜಿ ಕಣ್ಣು ಮುಚ್ಚಿ ಮುಖವನ್ನು ಎಲೆಯೊಳಗೆ ಹುದುಗಿಸಿದ್ದರು.

ತೃಷಾ ಹಿಂದೆಯೇ ನಿಂತಳು.

"ನಿನ್ನ ಅಜ್ಜ ಶನಿವಾರ ತರ್ತಿದ್ದರು," ತಿರುಗದೆಯೇ ಹೇಳಿದರು ಅಜ್ಜಿ. "ಎಲೆ ಬಿಚ್ಚದೆ ರಾತ್ರಿಯೆಲ್ಲ ನೀರಿನ ಮಡಕೆಯ ಬುಡದಲ್ಲಿ ಇಡ್ತಿದ್ದೆ. ಆದಿತ್ಯವಾರ ಬಿಚ್ಚಿದ ಕೂಡಲೇ ಒಂದು ವಾಸನೆ ಬರ್ತಿತ್ತು. ಮುಡಿದ ಮೇಲೂ ಅಷ್ಟು ಇರ್ತಿರಲಿಲ್ಲ."

ತೃಷಾ ಆ ಎಲೆಯನ್ನೇ ಹಿಡಿದು ಮಣ್ಣಗುಡ್ಡಕ್ಕೆ ಓಡಿದಳು.

ಸುಹೈಲಾ ಎಲೆ ಮೂಸಿ ತಲೆಗೆ ಕೈ ಹೊತ್ತುಕೊಂಡರು. "ಎಲೆ ಬಿಸಾಡಿ ಹೂ ತಂದದ್ದಾ ನೀನು! ಕೇಳದೆ ಇದ್ದವಳು ನಾನು! ಇಬ್ಬರೂ ಇದೇ ಊರಿನವರು ಅಂತ ಹೇಳಲಿಕ್ಕೆ ನಾಚಿಕೆ ಆಗ್ಬೇಕು."

"ಆಗ್ತದಾ ಸುಹೈಲಾಕ್ಕ?"

"ಬಾಳೆಲೆಯ ಎಣ್ಣೆ ಅಂತ ಯಾವ ಅಂಗಡಿಯಲ್ಲೂ ಇಲ್ಲ. ಎಲೆ, ನಾರು ಎರಡನ್ನೂ ಸ್ಪಿರಿಟ್‌ನಲ್ಲಿ ನೆನೆ ಹಾಕಿ ನೋಡುವ. ದಿನಾ ಹೊಸ ಎಲೆ ತಾ, ಚೆಂಡು ಸುತ್ತಿದ್ದೇ ಆಗ್ಬೇಕು. ಒಂದು ವಾರ ಬೇಕು. ಗ್ಯಾರಂಟಿ ಕೊಡುವುದಿಲ್ಲ ನಾನು."

ಒಂದು ವಾರ ತೃಷಾ ದಿನವೂ ಎಲೆ ಹೊತ್ತಳು. ಎಂಟನೆಯ ದಿನ ಸುಹೈಲಾ ಮಲ್ಲಿಗೆಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿ, ಹಸಿರು ನೀರಿನಂಥ ಒಂದು ಬಾಟಲಿ ಕೊಟ್ಟರು.

ಮದುವೆಯ ಬೆಳಿಗ್ಗೆ ಮನೆಯವರೆಲ್ಲ ಹೊರಡುವ ಗಡಿಬಿಡಿಯಲ್ಲಿದ್ದರು. ಅಜ್ಜಿ ಮಾಸಲು ಸೀರೆಯಲ್ಲೇ ಮಂಚದ ತುದಿಯಲ್ಲಿ ಕುಳಿತಿದ್ದರು. ತೃಷಾ ಅವರ ಅಂಗೈಗೆ ಒಂದು ಹನಿ ಬಿಟ್ಟಳು.

ಅಜ್ಜಿ ಮೂಗಿನ ಹತ್ತಿರ ಹಿಡಿದರು. ತೃಷಾಳಿಗೆ ಸೌತೆಕಾಯಿಯ ಮಾತು ಬರಬಹುದೇ ಎಂಬ ಭಯ. ಅಜ್ಜಿ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡರು.

"ಬಾಡಿದ ಎಲೆಯೂ ಉಂಟು ಇದ್ರಲ್ಲಿ," ಅಂದರು. ಮತ್ತೊಮ್ಮೆ ಮೂಸಿದರು. ಎದ್ದು, ಒಳಗೆ ಹೋಗಿ, ಮಡಿಕೆ ಮುರಿಯದ ನೀಲಿ ರೇಷ್ಮೆ ಸೀರೆ ಉಟ್ಟು ಬಂದರು. "ನಿನ್ನ ಅಪ್ಪನಿಗೆ ಹೇಳು, ಕಾರಲ್ಲಿ ನನಗೂ ಜಾಗ ಇಡ್ಲಿಕ್ಕೆ. ಧಾರೆಗೇ ಬರ್ತೇನೆ."

ತೃಷಾ ಕಿಟಕಿಯಿಂದಲೇ ಅಪ್ಪನಿಗೆ ಕೂಗಿ ಹೇಳಿದಳು. ತಿರುಗಿ ನೋಡಿದರೆ ಅಜ್ಜಿ ಅವಳಿಗೆ ಬೆನ್ನು ಮಾಡಿ, ತಲೆ ಬಾಗಿಸಿ, ಒಂದು ಕೈಯಲ್ಲಿ ತುರುಬನ್ನು ತುಸು ಎತ್ತಿ ಹಿಡಿದು ಕುಳಿತಿದ್ದರು.

ಅವಳು ಆ ತುರುಬಿನ ಬುಡಕ್ಕೆ ಎರಡು ಹನಿ ಬಿಟ್ಟಳು. ಒಂದು ಹನಿ ಅಲ್ಲೇ ನಿಂತಿತು. ಇನ್ನೊಂದು ಕುತ್ತಿಗೆಯ ಸುಕ್ಕಿನಲ್ಲಿ ಹಾದು ಕೆಳಗಿಳಿಯಿತು.